ಸೇವೆಯೆಂಬ ಮಾತು ಯಾರದು?

ಮಹಾನವಮಿಯ ದಿನ ನಮ್ಮ ನಾಡಿನಲ್ಲಿ ಆಯುಧಗಳಿಗೆ ಪೂಜೆ ಸಲ್ಲುತ್ತದೆ. ನಮ್ಮ ಗದಗಿನ ಕಡೆ ಇದನ್ನು ಖಂಡೇಪೂಜೆಯೆಂದೂ ಕರೆಯುವರು. ಒಕ್ಕಲಿಗನು ನೇಗಿಲಿಗೆ, ಬಡಿಗನು ಬಾಚಿಗೆ, ನೇಕಾರನು ಮಗ್ಗಕ್ಕೆ ಕುಂಕುಮವಿಟ್ಟು ಕೈಮುಗಿಯುತ್ತಾರೆ. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ನೆಲೆಸಿದ ನಾವೂ ಈ ಪದ್ಧತಿಯನ್ನು ಬಿಟ್ಟಿಲ್ಲ. ಬ್ಯಾಂಕಿನಲ್ಲಿ ನೋಟು ಎಣಿಸುವ ಯಂತ್ರಕ್ಕೆ ಒಂದು ಚೆಂಡುಹೂವನ್ನು ಸಿಕ್ಕಿಸಿ, ಕಂಪ್ಯೂಟರಿಗೆ ಗಂಧ ಹಚ್ಚಿ, ಪೇಢೆ ಹಂಚುತ್ತೇವೆ. ಆದರೆ ಆಸ್ಪತ್ರೆಯಲ್ಲಿ ದುಡಿಯುವ ದಾದಿಯು ಆ ದಿನ ಯಾವುದಕ್ಕೆ ಕುಂಕುಮವಿಡಬೇಕು? ಸಿರಿಂಜೂ ಥರ್ಮಾಮೀಟರೂ ಆಸ್ಪತ್ರೆಯ ಸೊತ್ತು. ಅವಳ ನಿಜವಾದ ಆಯುಧಗಳೆಂದರೆ ಎರಡು ಕೈ, ನಿದ್ದೆಗೆಟ್ಟರೂ ಎಚ್ಚರ ತಪ್ಪದ ಕಣ್ಣು, ಇರುಳೆಲ್ಲ ನಿಂತಿರಬಲ್ಲ ಕಾಲು. ಈ ಆಯುಧಗಳ ಯೋಗಕ್ಷೇಮವನ್ನು ಯಾರು ನೋಡಬೇಕು ಎಂಬ ಪ್ರಶ್ನೆ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ.

ಸ್ಮರಣಸಂಚಿಕೆಯ ಭಕ್ತಿವಿಭಾಗಕ್ಕೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ನವದುರ್ಗೆಯರ ಮಹಿಮೆಯನ್ನು ಬರೆಯುವಷ್ಟು ಪಾಂಡಿತ್ಯ ನನ್ನಲ್ಲಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಂಡೆ. ನಾನು ವೈದ್ಯನಲ್ಲ, ವೇದಾಂತಿಯೂ ಅಲ್ಲ, ಬಿ.ಎ. ಮುಗಿಸಿ ಬ್ಯಾಂಕು ಸೇರಿದ ಒಬ್ಬ ಗುಮಾಸ್ತ. ಆದರೂ ಈ ಪ್ರಶ್ನೆಯು ನನಗೆ ಒಂದು ತಪ್ಪಿನ ಮೂಲಕ ಒದಗಿ ಬಂದುದರಿಂದ, ಆ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದು ಲೇಸು.

2020ನೆಯ ಇಸವಿಯ ಮಾರ್ಚ್ 22, ಭಾನುವಾರ. ಜನತಾ ಕರ್ಫ್ಯೂವಿನ ಆ ಸಂಜೆ ಐದು ಗಂಟೆಗೆ ವೈದ್ಯರು, ದಾದಿಯರು ಮೊದಲಾದವರಿಗೆ ಕೃತಜ್ಞತೆ ಸಲ್ಲಿಸಲೆಂದು ದೇಶದಾದ್ಯಂತ ಜನರು ಚಪ್ಪಾಳೆ ತಟ್ಟಿದರು, ತಟ್ಟೆ ಬಾರಿಸಿದರು. ನಮ್ಮ ಕಟ್ಟಡದ ಎಲ್ಲ ಬಾಲ್ಕನಿಗಳೂ ತುಂಬಿದ್ದವು. ನಾನೂ ಅಡುಗೆಮನೆಯ ಹಿತ್ತಾಳೆಯ ತಟ್ಟೆಯನ್ನು ಹಿಡಿದು ಕೈ ನೋಯುವ ತನಕ ಬಾರಿಸಿದೆ. ಐದನೆಯ ಮಹಡಿಯಲ್ಲಿ ಬಾಗಲಕೋಟೆ ಜಿಲ್ಲೆಯ ಒಬ್ಬ ಹೆಣ್ಣುಮಗಳು ವಾಸವಾಗಿದ್ದರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ದಾದಿ. ಕಟ್ಟಡದವರೆಲ್ಲ ಅವರನ್ನು ‘ಸಿಸ್ಟರ್’ ಎನ್ನುತ್ತಿದ್ದರು. ನಾನೊಬ್ಬನೇ ‘ಅಕ್ಕಾರ’ ಎನ್ನುತ್ತಿದ್ದೆ. ಅವರ ಬಾಲ್ಕನಿ ಮಾತ್ರ ಆ ಸಂಜೆ ಖಾಲಿಯಿತ್ತು. ಅವರು ಕೆಲಸಕ್ಕೆ ಹೋಗಿದ್ದರು.

ಇದಾದ ಮೂರು ವಾರಗಳೊಳಗೆ ನಮ್ಮ ಹೌಸಿಂಗ್ ಸೊಸೈಟಿಯ ಸೂಚನಾಫಲಕದ ಮೇಲೆ ಒಂದು ಪ್ರಕಟಣೆ ಅಂಟಿಕೊಂಡಿತು. ಅದರ ಮೊದಲ ಸಾಲಿನಲ್ಲಿ ಆರೋಗ್ಯ ಕಾರ್ಯಕರ್ತರ ನಿಸ್ವಾರ್ಥ ಸೇವೆಗೆ ಅಭಿನಂದನೆಯಿತ್ತು. ಎರಡನೆಯ ಸಾಲಿನಲ್ಲಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಿವಾಸಿಗಳು ಮುಂದಿನ ಸೂಚನೆಯ ತನಕ ಲಿಫ್ಟನ್ನು ಬಳಸಬಾರದೆಂದೂ ಸಾಧ್ಯವಾದರೆ ಬೇರೆಡೆ ತಂಗಬೇಕೆಂದೂ ಕೋರಲಾಗಿತ್ತು. ಅಂಥ ನಿವಾಸಿ ನಮ್ಮಲ್ಲಿ ಒಬ್ಬರೇ. ಪ್ರಕಟಣೆಯ ಕೆಳಗೆ ಕಾರ್ಯದರ್ಶಿಯ ಸಹಿಯೊಂದಿಗೆ ಗೌರವ ಕೋಶಾಧಿಕಾರಿಯ ಸಹಿಯೂ ಇತ್ತು. ಆ ಕೋಶಾಧಿಕಾರಿ ನಾನು.

ಲೋಕಲ್ ರೈಲುಗಳು ನಿಂತುಹೋಗಿದ್ದ ಆ ದಿನಗಳಲ್ಲಿ ಅಗತ್ಯ ಸೇವೆಯವರಿಗೆಂದು ಬೆಸ್ಟ್ ಬಸ್ಸುಗಳು ಓಡುತ್ತಿದ್ದವು. ಬ್ಯಾಂಕಿನವರೂ ಅಗತ್ಯ ಸೇವೆಯವರೇ ಆದ್ದರಿಂದ ಅವರೂ ನಾನೂ ಒಂದೇ ನಿಲ್ದಾಣದಲ್ಲಿ ಬಸ್ಸು ಹತ್ತುತ್ತಿದ್ದೆವು. ದಿನವಿಡೀ ನೂರು ಕೈ ಮುಟ್ಟಿದ ನೋಟುಗಳನ್ನು ಎಣಿಸಿ ಬರುತ್ತಿದ್ದ ನಾನು ಎರಡನೆಯ ಮಹಡಿಗೆ ಲಿಫ್ಟಿನಲ್ಲಿ ಏರುತ್ತಿದ್ದೆ. ಹನ್ನೆರಡು ತಾಸು ನಿಂತು ಬಂದ ಅವರು ಐದು ಮಹಡಿಗಳ ಮೆಟ್ಟಿಲು ಹತ್ತುತ್ತಿದ್ದರು. ಏಪ್ರಿಲ್ 22ರಂದು ಕೇಂದ್ರ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಗೆ ತಿದ್ದುಪಡಿ ತಂದು ಸುಗ್ರೀವಾಜ್ಞೆ ಹೊರಡಿಸಿತು. ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡುವುದಷ್ಟೇ ಅಲ್ಲ, ಅವರ ವಾಸಕ್ಕೂ ಕೆಲಸಕ್ಕೂ ಅಡ್ಡಿಯಾಗುವಂತೆ ಕಿರುಕುಳ ಕೊಡುವುದೂ ಅಪರಾಧವೆಂದು ಸಾರಿ, ಮೂರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತು. ಮರುದಿನ ನಮ್ಮ ಫಲಕದ ಮೇಲೆ ಆ ಕಾಗದವಿರಲಿಲ್ಲ. ಅದನ್ನು ಕಿತ್ತದ್ದು ಪಶ್ಚಾತ್ತಾಪವಲ್ಲ, ಭಯ. ವಿಶ್ವ ಆರೋಗ್ಯ ಸಂಸ್ಥೆಯು ಫ್ಲಾರೆನ್ಸ್ ನೈಟಿಂಗೇಲಳ ಇನ್ನೂರನೆಯ ಜನ್ಮವರ್ಷವೆಂದು ಅದೇ 2020ನ್ನು ದಾದಿಯರ ಹಾಗೂ ಸೂಲಗಿತ್ತಿಯರ ವರ್ಷವೆಂದು ಘೋಷಿಸಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಒಂದೇ ತಿಂಗಳಲ್ಲಿ ನಾನು ತಟ್ಟೆಯನ್ನೂ ಬಾರಿಸಿದೆ, ಸಹಿಯನ್ನೂ ಹಾಕಿದೆ. ಎರಡಕ್ಕೂ ನಡುವೆ ವಿರೋಧವಿದೆಯೆಂದು ಆಗ ನನಗೆ ತೋರಲೇ ಇಲ್ಲ. ಈ ಕುರುಡು ಎಲ್ಲಿಂದ ಬಂದಿತು? ಯೋಚಿಸಿದಷ್ಟೂ ನನ್ನ ಸಂಶಯ ‘ಸೇವೆ’ ಎಂಬ ಆ ಪವಿತ್ರವಾದ ಮಾತಿನ ಕಡೆಗೇ ಹೊರಳಿತು. ಒಬ್ಬರ ದುಡಿಮೆಯನ್ನು ಸೇವೆಯೆಂದು ಕರೆದೊಡನೆ ನಮ್ಮ ಪಾಲಿನ ಋಣ ತೀರಿತೆಂಬ ಸಮಾಧಾನ ನಮಗೆ ಉಂಟಾಗುತ್ತದೆ. ಸೇವೆ ಮಾಡುವವರಿಗೆ ಅದರಲ್ಲಿಯೇ ತೃಪ್ತಿಯುಂಟು, ಬೇರೆ ಏನನ್ನು ಕೊಡಬೇಕು ಎಂದುಕೊಳ್ಳುತ್ತೇವೆ.

ಇಂಥ ಸಮಯದಲ್ಲಿ ಎಲ್ಲರೂ ಆಶ್ರಯಿಸುವುದು ಗೀತೆಯನ್ನು. ಫಲದ ಆಸೆಯನ್ನು ತೊರೆದು ಕರ್ತವ್ಯವನ್ನು ಮಾಡಬೇಕೆಂಬ ಉಪದೇಶ ನಮ್ಮ ಜನರಿಗೆ ಹಾಲು ಕುಡಿಯುವಾಗಲೇ ಸಿಕ್ಕಿದೆ. ಆದರೆ ಆ ಉಪದೇಶವು ಯಾರು ಯಾರಿಗೆ ಹೇಳಿದ್ದು ಎಂಬುದನ್ನು ಸಹೃದಯರು ಒಮ್ಮೆ ವಿಚಾರಿಸಬೇಕು. ಕೃಷ್ಣನು ಅದನ್ನು ರಥದಲ್ಲಿ ಕುಸಿದು ಕುಳಿತ ಅರ್ಜುನನಿಗೆ, ಎಂದರೆ ಕೆಲಸ ಮಾಡಬೇಕಾದವನಿಗೆ ಹೇಳಿದನು. ಪಾಂಡವರು ನಿಷ್ಕಾಮಿಗಳಾಗಿರಬೇಕಾದ್ದರಿಂದ ಅವರ ಪಾಲಿನ ರಾಜ್ಯವನ್ನು ನೀನು ಕೊಡಬೇಕಾಗಿಲ್ಲವೆಂದು ದುರ್ಯೋಧನನಿಗೆ ಹೇಳಲಿಲ್ಲ. ಹೇಳುವುದಿರಲಿ, ಯುದ್ಧಕ್ಕೆ ಮೊದಲು ತಾನೇ ದೂತನಾಗಿ ಹಸ್ತಿನಾವತಿಗೆ ಹೋಗಿ, ಪಾಂಡವರಿಗೆ ಸಲ್ಲಬೇಕಾದುದನ್ನು ತುಂಬಿದ ಸಭೆಯಲ್ಲಿ ಕೇಳಿದವನೂ ಅವನೇ. ಅರ್ಧ ರಾಜ್ಯವಿಲ್ಲದಿದ್ದರೆ ಐದು ಊರುಗಳಾದರೂ ಸಾಕೆಂಬ ಮಟ್ಟಕ್ಕೆ ಬೇಡಿಕೆ ಇಳಿದಿತ್ತು. ಈ ಪ್ರಸಂಗವಿರುವುದು ಉದ್ಯೋಗಪರ್ವದಲ್ಲಿ! (ಅಲ್ಲಿ ಉದ್ಯೋಗವೆಂದರೆ ನೌಕರಿಯಲ್ಲ, ಯುದ್ಧದ ಸಿದ್ಧತೆ ಎಂಬುದು ನನಗೂ ಗೊತ್ತು, ಆದರೂ ನೌಕರಿ ಮಾಡುವವನ ಕಿವಿಗೆ ಆ ಹೆಸರು ಹಿತವಾಗಿಯೇ ಕೇಳಿಸುತ್ತದೆ.) ದುಡಿಯುವವನಿಗೆ ‘ಫಲವನ್ನು ನೆಚ್ಚಿಕೊಳ್ಳಬೇಡ’ ಎಂದು ಬುದ್ಧಿ ಹೇಳಿದ ಬಾಯಿಯೇ ಕೊಡಬೇಕಾದವನಿಗೆ ‘ಕೊಡು’ ಎಂದು ಹೇಳಿತು. ನಾವು ಮೊದಲನೆಯ ಮಾತನ್ನು ಕಂಠಪಾಠ ಮಾಡಿ ಎರಡನೆಯದನ್ನು ಜಾಣತನದಿಂದ ಮರೆತಿದ್ದೇವೆ.

ನಮ್ಮ ಶರಣರ ಕಾಯಕತತ್ತ್ವವನ್ನೂ ಹೀಗೆಯೇ ಅರ್ಧ ನೆನೆಯುವುದು ವಾಡಿಕೆಯಾಗಿದೆ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಬಲ್ಲವರು ಬಲ್ಲರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಇಲ್ಲಿ ‘ಸಾಕು’ ಎಂದವಳು ಲಕ್ಕಮ್ಮ. ಅಕ್ಕಿಯ ಒಡೆಯನಾದವನು ‘ನಿನಗೆ ಇಷ್ಟು ಸಾಕು’ ಎಂದು ಅಳೆದು ಕೊಟ್ಟಿದ್ದರೆ ಅದು ಶರಣರ ಕಥೆಯಾಗುತ್ತಿರಲಿಲ್ಲ, ಸಾಹುಕಾರನ ಕಥೆಯಾಗುತ್ತಿತ್ತು. ಅಲ್ಲದೆ, ಆ ದಂಪತಿಗಳಿಗೆ ದಿನದ ಅಕ್ಕಿ ದಿನವೂ ದೊರೆಯುತ್ತಿತ್ತೆಂಬುದನ್ನೂ ಮರೆಯಲಾಗದು.

ಈಗ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಬ್ಯಾಂಕಿನವರು ಬಡ್ತಿಗಾಗಿ ಕಟ್ಟುವ ಪರೀಕ್ಷೆಗಳಲ್ಲಿ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನ ಹೆಸರು ಬರುತ್ತದೆ. ನಾನು ಅದನ್ನು ಅಂಕಗಳಿಗಾಗಿ ಉರುಹೊಡೆದಿದ್ದೆ. ಅರ್ಥವಾದದ್ದು ಮೊನ್ನೆ ಮೊನ್ನೆ. ಅವನೂ ಅವನ ಸಂಗಡಿಗರೂ ಪಿಟ್ಸ್‌ಬರ್ಗ್ ನಗರದ ಸುತ್ತಿನ ಸುಮಾರು 200 ಮಂದಿ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕೂಡಿಸಿ ಮಾತನಾಡಿಸಿ, 1959ರಲ್ಲಿ ಪುಸ್ತಕವನ್ನು ಪ್ರಕಟಿಸಿದರು. (ಲೆಕ್ಕಿಗರೆಂದರೆ ನಮ್ಮ ದಾಯಾದಿಗಳೇ.) ಕೆಲಸದಲ್ಲಿ ಯಾವಾಗ ಬಹಳ ಸಂತೋಷವಾಯಿತು, ಯಾವಾಗ ಬಹಳ ಬೇಸರವಾಯಿತು ಎಂದು ಕೇಳಿದಾಗ ಒಂದು ವಿಚಿತ್ರ ಕಂಡುಬಂದಿತು. ಸಂತೋಷಕ್ಕೆ ಕಾರಣವಾದವುಗಳು ಸಾಧನೆ, ಮನ್ನಣೆ, ಕೆಲಸದಲ್ಲಿಯೇ ಇರುವ ರುಚಿ, ಹೊಣೆಗಾರಿಕೆ. ಬೇಸರಕ್ಕೆ ಕಾರಣವಾದವುಗಳು ಬಹುಮಟ್ಟಿಗೆ ಬೇರೆಯವೇ: ಸಂಸ್ಥೆಯ ಧೋರಣೆ, ಮೇಲಿನವರ ವರ್ತನೆ, ಸಂಬಳ, ಕೆಲಸದ ಪರಿಸ್ಥಿತಿ. ಆದ್ದರಿಂದ ತೃಪ್ತಿ ಮತ್ತು ಅತೃಪ್ತಿಗಳು ಒಂದೇ ಕೋಲಿನ ಎರಡು ತುದಿಗಳಲ್ಲ, ಎರಡು ಬೇರೆ ಕೋಲುಗಳು ಎಂದು ಅವನು ವಾದಿಸಿದನು. ಎರಡನೆಯ ಗುಂಪಿಗೆ ಅವನು ಕೊಟ್ಟ ಹೆಸರು ವೈದ್ಯಶಾಸ್ತ್ರದಿಂದಲೇ ತಂದದ್ದು: ನೈರ್ಮಲ್ಯದ ಅಂಶಗಳು. ಶುದ್ಧವಾದ ನೀರು ರೋಗವನ್ನು ವಾಸಿಮಾಡುವುದಿಲ್ಲ; ಆದರೆ ಅದಿಲ್ಲದಿದ್ದರೆ ರೋಗ ತಪ್ಪುವುದಿಲ್ಲ. ಈ ವಾದವನ್ನು ಆಮೇಲೆ ಬಂದವರು ಹಲವರು ಆಕ್ಷೇಪಿಸಿದ್ದಾರೆ. ಆದರೂ ನಮ್ಮ ಐದನೆಯ ಮಹಡಿಯ ಅಕ್ಕನವರು ಹರ್ಜ್‌ಬರ್ಗನನ್ನು ಓದದೆಯೇ ಅದೇ ಮಾತನ್ನು ಬಸ್ ನಿಲ್ದಾಣದಲ್ಲಿ ನನಗೆ ಹೇಳಿದರು.

“ಅಣ್ಣಾರ, ಪೇಷಂಟಿಗೆ ನೀರು ಕುಡಿಸೂ ಮುಂದ ಪಗಾರ ನೆನಪಾಗೂದಿಲ್ಲರಿ. ಹುಡುಗನ ಫೀ ತುಂಬೂ ಮುಂದ ನೆನಪಾಗತದ.”

ಈ ಎರಡು ಸಾಲುಗಳಲ್ಲಿ ಎಲ್ಲವೂ ಅಡಗಿದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ದಾದಿಗೆ ಎರಡು ಖಾತೆಗಳಿವೆ. ಒಂದರಲ್ಲಿ ರೋಗಿಯ ಮುಖದಲ್ಲಿ ಮೂಡಿದ ನಗೆ, ಜ್ವರ ಇಳಿದ ಮುಂಜಾನೆ, ಮನೆಗೆ ಹೊರಟವನ ನಮಸ್ಕಾರ ಇವೆಲ್ಲ ಜಮೆಯಾಗುತ್ತವೆ. ಇನ್ನೊಂದರಲ್ಲಿ ಸಂಬಳ, ರಜೆ, ವಿಶ್ರಾಂತಿ, ಮರ್ಯಾದೆ. ಮೊದಲನೆಯ ಖಾತೆಯ ಜಮೆಯನ್ನು ತೆಗೆದು ಎರಡನೆಯ ಖಾತೆಯ ಬಾಕಿಗೆ ವಜಾ ಹಾಕುವ ಅಧಿಕಾರ ಆಸ್ಪತ್ರೆಯ ಮಾಲೀಕನಿಗಾಗಲಿ ಸರಕಾರಕ್ಕಾಗಲಿ ರೋಗಿಗಾಗಲಿ ಇಲ್ಲ. ನಮ್ಮ ಬ್ಯಾಂಕಿನಲ್ಲಿ ಖಾತೆದಾರನ ಸಹಿಯಿಲ್ಲದೆ ಹತ್ತು ರೂಪಾಯಿಯನ್ನು ಹಾಗೆ ವರ್ಗಾಯಿಸಿದರೆ ಗುಮಾಸ್ತನ ಕೆಲಸವೇ ಹೋಗುತ್ತದೆ. ಸಮಾಜವು ಮಾತ್ರ ಪ್ರತಿದಿನವೂ ಇದನ್ನು ಮಾಡುತ್ತದೆ.

ಆಶಾ ಕಾರ್ಯಕರ್ತೆಯರ ವಿಷಯವನ್ನೇ ತೆಗೆದುಕೊಳ್ಳಿ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಊರಿನ ಹೆಣ್ಣುಮಗಳನ್ನೇ ಆರಿಸಿ, ಬಸುರಿಯರ ಆರೈಕೆ, ಮಕ್ಕಳ ಲಸಿಕೆ ಮೊದಲಾದ ಕೆಲಸಗಳನ್ನು ವಹಿಸಿದರು. ಸರಕಾರದ ಕಡತದಲ್ಲಿ ಅವಳು ನೌಕರಳಲ್ಲ, ಸ್ವಯಂಸೇವಕಿ. ಆದುದರಿಂದ ಅವಳಿಗೆ ಸಂಬಳವಿಲ್ಲ. ಗೌರವಧನ, ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟೆಂದು ಪ್ರೋತ್ಸಾಹಧನ. 2020ರ ಜುಲೈಯಲ್ಲಿ, ಕೊರೋನಾ ಏರುತ್ತಿದ್ದ ಕಾಲದಲ್ಲಿಯೇ, ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನವನ್ನು ಕೇಳಿ ಕೆಲಸ ನಿಲ್ಲಿಸಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿಯನ್ನಿತ್ತು ಗೌರವಿಸಿತು. ಪ್ರಶಸ್ತಿಯು ಸಲ್ಲತಕ್ಕದ್ದೇ, ಸಂದೇಹವಿಲ್ಲ. ಆದರೆ ಅದು ಯಾವ ಖಾತೆಯ ಜಮೆಯೆಂಬುದನ್ನು ವಾಚಕರೇ ಹೇಳಬಲ್ಲರು.

ಖಾಸಗಿ ಆಸ್ಪತ್ರೆಗಳ ದಾದಿಯರ ವಿಷಯದಲ್ಲಿಯೂ ಬಾಕಿ ತಿಳಿಯದೆ ಉಳಿದದ್ದಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ನೇಮಕವಾದ ಸಮಿತಿಯು ಲೆಕ್ಕವನ್ನು ಸ್ಪಷ್ಟವಾಗಿಯೇ ಬರೆದಿಟ್ಟಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿರುವಲ್ಲಿ ಸರಕಾರಿ ದಾದಿಯರಷ್ಟೇ ಸಂಬಳ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲಿಯೂ 20,000 ರೂಪಾಯಿಗೆ ಕಡಿಮೆಯಿಲ್ಲದಂತೆ ಎಂದು ಅದರ ಶಿಫಾರಸು. ಶಿಫಾರಸುಗಳನ್ನು ಜಾರಿಗೆ ತರುವ ಹೊಣೆ ಬಿದ್ದದ್ದು ರಾಜ್ಯಗಳ ಮೇಲೆ. ನಮ್ಮ ಅಕ್ಕನವರ ಪಾಸ್‌ಬುಕ್ಕನ್ನು ನಾನು ಮುಂದೊಂದು ದಿನ ನೋಡಿದಾಗ, ಹತ್ತೊಂಬತ್ತು ವರ್ಷಗಳ ಅನುಭವಕ್ಕೆ ಅಲ್ಲಿದ್ದ ಅಂಕಿ ಆ ಕನಿಷ್ಠವನ್ನೂ ಮುಟ್ಟಿರಲಿಲ್ಲ.

ನಮ್ಮ ಸಂಘದ ಹಿರಿಯರೊಬ್ಬರೊಡನೆ ಈ ವಿಚಾರವನ್ನು ಎತ್ತಿದಾಗ ಅವರು ನೊಂದುಕೊಂಡರು. “ಎಲ್ಲವನ್ನೂ ಹೀಗೆ ರೂಪಾಯಿಯಲ್ಲಿ ಅಳೆದರೆ ಸೇವೆಯ ಪಾವಿತ್ರ್ಯ ಎಲ್ಲಿ ಉಳಿಯಿತು, ತಮ್ಮಾ? ದುಡ್ಡಿಗಾಗಿ ಬಂದವಳು ರೋಗಿಯನ್ನು ಮಗುವಿನಂತೆ ನೋಡಿಯಾಳೇ?” ಎಂದರು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ದುಡ್ಡು ಸೋಕಿದರೆ ಕೆಡುವ ಕೊಡುಗೆಗಳು ಲೋಕದಲ್ಲಿ ಉಂಟು. ಟಿಟ್ಮಸ್ ಎಂಬ ಇಂಗ್ಲೆಂಡಿನ ವಿದ್ವಾಂಸನು 1970ರಲ್ಲಿ ರಕ್ತದಾನದ ಮೇಲೆ ಪುಸ್ತಕ ಬರೆದು, ಹಣ ಕೊಟ್ಟು ರಕ್ತ ಕೊಳ್ಳುವ ಪದ್ಧತಿಗಿಂತ ಜನರು ತಾವಾಗಿ ಕೊಡುವ ಪದ್ಧತಿಯೇ ನೀತಿಯಲ್ಲಿಯೂ ಸುರಕ್ಷತೆಯಲ್ಲಿಯೂ ಮೇಲೆಂದು ತೋರಿಸಿದನು. ನಮ್ಮ ದೇಶದಲ್ಲಿಯೂ ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ 1998ರ ಜನವರಿಯಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧವಾಯಿತು. ಆದರೆ ರಕ್ತದಾನಿಯು ಅರ್ಧ ತಾಸು ಮಲಗಿ, ಬಿಸ್ಕತ್ತು ತಿಂದು, ತನ್ನ ನೌಕರಿಗೆ ಹಿಂದಿರುಗುತ್ತಾನೆ. ಅವನ ಹೊಟ್ಟೆಯನ್ನು ಬೇರೊಂದು ಕೆಲಸ ತುಂಬುತ್ತದೆ. ದಾದಿಗೆ ಹಿಂದಿರುಗಲು ಬೇರೆ ನೌಕರಿಯಿಲ್ಲ. ಅವಳು ಕೊಡುವುದು ದಿನಕ್ಕೆ ಎಂಟು ಹತ್ತು ತಾಸುಗಳಂತೆ ಮೂವತ್ತು ವರ್ಷಗಳನ್ನು. ಅರ್ಚಕರಿಗೆ ತಸ್ತೀಕು ಸಲ್ಲುವುದರಿಂದ ಅವರ ಭಕ್ತಿ ಕೆಟ್ಟಿತೆಂದು ನಾವು ಯಾರೂ ಹೇಳುವುದಿಲ್ಲ. ನನ್ನದೇ ಬಳಗವನ್ನು ನೋಡಿ: 1966ರ ಮೊದಲ ದ್ವಿಪಕ್ಷೀಯ ಒಪ್ಪಂದದಿಂದ ಇಂದಿನವರೆಗೂ ಬ್ಯಾಂಕ್ ನೌಕರರು ಸಂಬಳಕ್ಕಾಗಿ ಮಾತುಕತೆ ನಡೆಸಿದ್ದಾರೆ, ಮುಷ್ಕರವನ್ನೂ ಹೂಡಿದ್ದಾರೆ. ‘ನೀವು ಸಾಕ್ಷಾತ್ ಲಕ್ಷ್ಮಿಯ ಸೇವೆ ಮಾಡುವವರು, ತುಟ್ಟಿಭತ್ಯೆ ಏಕೆ?’ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು.

ಹಿರಿಯರ ಮಾತಿಗೆ ಇನ್ನೂ ಗಟ್ಟಿಯಾದ ಉತ್ತರ ಅಕ್ಕನವರಲ್ಲಿತ್ತು. ಎರಡು ಖಾತೆಗಳು ಬೇರೆಯೆಂದು ನಾನು ಹೇಳಿದೆನಷ್ಟೆ. ಒಂದು ಬತ್ತಿದಾಗ ಇನ್ನೊಂದು ಉಳಿಯುವುದೆಂಬ ಭರವಸೆಯೇನೂ ಇಲ್ಲ. ಕೆಲಸದಲ್ಲಿ ಬೇಯುವ ಜನರನ್ನು ಅಭ್ಯಾಸ ಮಾಡಿದ ಕ್ರಿಸ್ಟೀನಾ ಮಾಸ್ಲಾಕ್ ಎಂಬ ವಿದುಷಿ 1981ರಲ್ಲಿ ಅದನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದಳು. ಅದು ಮೂರು ಲಕ್ಷಣಗಳನ್ನು ಅಳೆಯುತ್ತದೆ: ಮನಸ್ಸು ಬಸವಳಿಯುವುದು, ಎದುರಿನ ಮನುಷ್ಯ ಮನುಷ್ಯನಂತೆ ಕಾಣದಿರುವುದು, ತನ್ನಿಂದ ಏನೂ ಆಗುತ್ತಿಲ್ಲವೆನಿಸುವುದು. ಈ ಎರಡನೆಯದೇ ನನಗೆ ಭಯಂಕರವಾಗಿ ತೋರಿತು. ಅಕ್ಕನವರು ಹೇಳಿದ್ದು ಹೀಗೆ: “ಸಾಲಾಗಿ ಮೂರು ದಿನ ಡಬಲ್ ಡ್ಯೂಟಿ ಆತಂದ್ರ ಪೇಷಂಟಿನ ಹೆಸರು ಮರತು ಹೋಗತದರಿ. ಹದಿನಾಲ್ಕನೇ ಬೆಡ್ ಒದರಾಕತ್ತೇತಿ ಅಂತೇನಿ. ಒದರಾಕತ್ತಿದ್ದು ಬೆಡ್ ಅಲ್ಲ, ಮುದುಕ. ಮನಿಗೆ ಬಂದು ಮಲಗಿದಾಗ ಅದು ನೆನಪಾಗಿ ನಿದ್ದಿ ಬರೂದಿಲ್ಲ.” ಹಿರಿಯರು ಬಯಸಿದ್ದು ರೋಗಿಯನ್ನು ಮಗುವಿನಂತೆ ಕಾಣುವ ದಾದಿಯನ್ನು. ಅಂಥ ದಾದಿಯನ್ನು ಕೊಲ್ಲುತ್ತಿರುವುದು ಸಂಬಳದ ಆಸೆಯಲ್ಲ, ಇಬ್ಬರ ಕೆಲಸವನ್ನು ಒಬ್ಬಳ ಮೇಲೆ ಹೇರುವ ಲೆಕ್ಕಾಚಾರ. ದೀಪ ಹಿಡಿದ ದೇವಿಯೆಂದು ನಾವು ಚಿತ್ರದಲ್ಲಿ ಕಾಣುವ ನೈಟಿಂಗೇಲಳೂ ದೀಪಕ್ಕಿಂತ ಹೆಚ್ಚು ಗಮನ ಕೊಟ್ಟದ್ದು ಗಾಳಿಗೆ, ಚರಂಡಿಗೆ, ಅಂಕಿಸಂಖ್ಯೆಗಳಿಗೆ.

ಹಾಗಾದರೆ ಸೇವೆಯೆಂಬ ಮಾತನ್ನೇ ಬಿಟ್ಟುಬಿಡಬೇಕೇ? ಹಾಗೆ ನಾನು ಹೇಳಲಾರೆ. ಸಾಯುತ್ತಿರುವ ಅಪರಿಚಿತನ ಕೈಯನ್ನು ಪಾಳಿ ಮುಗಿದ ಮೇಲೆಯೂ ಹಿಡಿದು ಕುಳಿತವಳ ಕೆಲಸಕ್ಕೆ ಬೇರೆ ಹೆಸರು ನನಗೆ ತಿಳಿಯದು. ಆದರೆ ಅದು ಅವಳೇ ಆಡಬೇಕಾದ, ಅಥವಾ ಆಡದೆ ಮನಸ್ಸಿನಲ್ಲಿಯೇ ಇಟ್ಟುಕೊಳ್ಳಬೇಕಾದ ಮಾತು. ಸೇವೆ ಪಡೆದ ನಮ್ಮ ಬಾಯಲ್ಲಿ ಇರಬೇಕಾದದ್ದು ಬೇರೆ ಮಾತು: ಋಣ. ನಾವು ಈ ಎರಡು ಮಾತುಗಳನ್ನು ಅದಲುಬದಲು ಮಾಡಿಕೊಂಡಿದ್ದೇವೆ.

ಆ ವರ್ಷದ ದಸರೆ ಅಕ್ಟೋಬರಿನಲ್ಲಿ ಬಂದಿತು. ಊರಿನಂತೆ ಬನ್ನಿಯ ಎಲೆಗಳು ಇಲ್ಲಿ ಸುಲಭವಾಗಿ ಸಿಗುವುದಿಲ್ಲ; ಮರಾಠಿಯವರು ‘ಸೋನೆ’ ಎಂದು ಹಂಚುವ ಆಪ್ಟಾ ಎಲೆಗಳನ್ನೇ ಪೇಟೆಯಿಂದ ತಂದೆ. ಸಂಜೆ ಐದನೆಯ ಮಹಡಿಗೆ ಹೋದೆ. ಏಕೋ ಲಿಫ್ಟಿನಲ್ಲಿ ಹೋಗಲು ಮನಸ್ಸಾಗದೆ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ಅಕ್ಕನವರ ಕೈಗೆ ಎಲೆಯನ್ನಿತ್ತು, ಬಂಗಾರದಂತೆ ಇರೋಣವೆಂದು ಹೇಳಿ, ಏಪ್ರಿಲಿನ ಆ ಕಾಗದದ ವಿಷಯವನ್ನು ಎತ್ತಿದೆ. ನನ್ನ ಮಾತು ಮುಗಿಯುವ ಮುನ್ನವೇ ಅವರು, “ನಿಮ್ಮ ಸಹಿ ನನಗ ಗುರುತು ಅದರಿ ಅಣ್ಣಾರ. ಪ್ರತಿ ತಿಂಗಳು ಮೇಂಟೆನನ್ಸ್ ರಸೀದಿ ಮ್ಯಾಲೆ ನೋಡತೇನಲ್ಲ,” ಎಂದರು. ಕ್ಷಮಿಸಿದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಒಳಗೆ ಹೋಗಿ ಪಾಸ್‌ಬುಕ್ಕನ್ನು ತಂದು ನನ್ನ ಮುಂದಿಟ್ಟರು. ಜೂನಿನಲ್ಲಿ ಅವರಿಗೇ ಕೊರೋನಾ ತಗುಲಿ ಹದಿನಾಲ್ಕು ದಿನ ಪ್ರತ್ಯೇಕವಾಗಿ ಇದ್ದರು; ಆಸ್ಪತ್ರೆಯವರು ಆ ದಿನಗಳ ಸಂಬಳವನ್ನು ಹಿಡಿದಿದ್ದರು. “ನೀವು ಬ್ಯಾಂಕಿನವರು, ಇಂಗ್ಲಿಷ್ ಅರ್ಜಿ ಬರೀಲಿಕ್ಕೆ ಬರತದ. ಒಂದು ಬರದು ಕೊಡ್ರಿ.”

ಅವರು ಚಹಕ್ಕೆ ಇಟ್ಟು ಬರುವಷ್ಟರಲ್ಲಿ ನಾನು ಮೊದಲ ವಾಕ್ಯವನ್ನು ಬರೆದಿದ್ದೆ. ಹತ್ತೊಂಬತ್ತು ವರ್ಷಗಳಿಂದ ತಮ್ಮ ಆಸ್ಪತ್ರೆಯಲ್ಲಿ ನಿಷ್ಠೆಯಿಂದ ಸೇವೆ ಸಲ್ಲಿಸುತ್ತ ಬಂದಿದ್ದೇನೆ ಎಂಬ ಅರ್ಥದ ವಾಕ್ಯ. ಅವರು ಹೆಗಲ ಮೇಲಿಂದ ಬಗ್ಗಿ ಓದಿ, “ಸೇವಾ ಅನ್ನೂದು ತಗೀರಿ. ಡ್ಯೂಟಿ ಮಾಡೇನಿ ಅಂತ ಬರೀರಿ,” ಎಂದರು. ನಾನು ಆ ಹಾಳೆಯನ್ನು ಮಡಚಿಟ್ಟು ಬೇರೆ ಹಾಳೆಯಲ್ಲಿ ಬರೆದೆ. ಹದಿನಾಲ್ಕು ದಿನಗಳ ಸಂಬಳ ಮುಂದಿನ ಮಾರ್ಚಿನಲ್ಲಿ ಜಮೆಯಾಯಿತು. ಪಾಸ್‌ಬುಕ್ಕಿನಲ್ಲಿ ಅದನ್ನು ನನಗೆ ತೋರಿಸಲೆಂದೇ ಅಕ್ಕನವರು ಒಂದು ಸಂಜೆ ಎರಡನೆಯ ಮಹಡಿಗೆ ಇಳಿದು ಬಂದಿದ್ದರು.